ನಿಮಗಿದು ಗೊತ್ತೇ? ಗೆಜ್ಜೆ ಕಟ್ಟಿದ ಚೆಂಡು, ಎರಡು ಪುಟಿತದ ಟೆನಿಸ್

ಚೆಂಡಿನೊಳಗೆ ಗೆಜ್ಜೆ ಹಾಕಿದರೆ ಕಣ್ಣು ಕಾಣದವರು ಆಡುತ್ತಾರೆ. ಟೆನಿಸ್‌ನಲ್ಲಿ ಚೆಂಡು ಇನ್ನೊಂದು ಸಲ ಪುಟಿಯಲಿ ಬಿಡಿ ಎಂದರೆ ಗಾಲಿಕುರ್ಚಿಯವರು ಅಂಕಣಕ್ಕೆ ಇಳಿಯುತ್ತಾರೆ. ಈ ಸಲದ ಬರಹ ಪೂರ್ತಿ ಅಂಗವಿಕಲರ ಆಟ, ಕುಣಿತ, ಹಾಡು, ತಿರುಗಾಟಕ್ಕೆ ಮೀಸಲು. ಪದಕದ ಮಾತು ಕಮ್ಮಿ, ಸಂಜೆ ಹೊತ್ತು ಹೋಗುವ ಮಾತೇ ಜಾಸ್ತಿ.

ಕ್ರಿಕೆಟ್ಟಿನಿಂದಲೇ ಶುರು ಮಾಡೋಣ. ಅಂಧರ ಕ್ರಿಕೆಟ್ ಹುಟ್ಟಿದ್ದು 1922ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಅದಕ್ಕೆ ಯಾವ ಕ್ರೀಡಾ ಮಂಡಳಿಯೂ ಸಭೆ ಸೇರಲಿಲ್ಲ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಅಂಧ ಕೆಲಸಗಾರರು ತಗಡಿನ ಡಬ್ಬಿಗೆ ಕಲ್ಲು ತುಂಬಿ, ಅದರ ಗಲಗಲ ಸದ್ದಿನ ಜಾಡು ಹಿಡಿದು ಆಡತೊಡಗಿದರು, ಅಷ್ಟೇ. ಆರು ವರ್ಷ ಕಳೆಯುವುದರೊಳಗೆ, 1928ರಲ್ಲಿ, ಅದೇ ಊರಿನ ಕೂಯಾಂಗ್ ಎಂಬಲ್ಲಿ ಈ ಆಟಕ್ಕೆಂದೇ ಒಂದು ಮೈದಾನವೂ ಕ್ಲಬ್ಬಿನ ಕಟ್ಟಡವೂ ಎದ್ದು ನಿಂತವು.

ಈಗ ನಮ್ಮಲ್ಲಿ ಬಳಸುವ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಸೈಕಲ್ ಗಾಲಿಯಲ್ಲಿ ಇರುತ್ತದಲ್ಲ, ಅಂಥ ಉಕ್ಕಿನ ಬೇರಿಂಗ್ ಗುಂಡುಗಳು. ಸ್ಟಂಪು ಲೋಹದ್ದು, ಚೆಂಡು ತಾಗಿದರೆ ಠಣ್ ಎನ್ನಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ತಿ ಅಂಧರು ಇರಲೇಬೇಕು. ಅವರನ್ನು ಬಿ1 ಎನ್ನುತ್ತಾರೆ. ಅಷ್ಟಿಷ್ಟು ಕಾಣುವವರು ಬಿ2, ಬಿ3. ಬಿ1 ಆಟಗಾರ ಒಂದು ರನ್ ಹೊಡೆದರೆ ಲೆಕ್ಕಕ್ಕೆ ಎರಡು. ಅವನು ಒಂದು ಪುಟಿತವಾದ ಮೇಲೆ ಹಿಡಿದರೂ ಕ್ಯಾಚೇ. ಬೌಲರ್ ಕೈಯನ್ನು ಕೆಳಗಿಂದ ಬೀಸಿ ಚೆಂಡು ಬಿಡಬೇಕು. ಪಿಚ್‌ನ ಅರ್ಧ ದಾಟುವ ಮೊದಲೇ ಅದು ಒಮ್ಮೆಯಾದರೂ ನೆಲ ಮುಟ್ಟಬೇಕು. ಸದ್ದು ನೆಲದ ಮೇಲೆ ತಾನೇ? ಹಾಗಾಗಿ ಇಲ್ಲಿ ರಾಜನಂಥ ಹೊಡೆತವೆಂದರೆ ಮಂಡಿಯೂರಿ ಬೀಸುವ ಸ್ವೀಪ್. ಜಿ.ಆರ್. ವಿಶ್ವನಾಥರ ಸ್ಕ್ವೇರ್ ಕಟ್ ನೋಡಬೇಕೆಂದು ಹೋದವರಿಗೆ ನಿರಾಸೆಯಾದೀತು.

ಒಂದು ಪಂದ್ಯವನ್ನು ಬೌಂಡರಿ ಹಗ್ಗದ ಪಕ್ಕದಲ್ಲೇ ಕೂತು ನೋಡಿದ್ದೇನೆ. ಬೌಲರ್ 'ರೆಡಿ?' ಅಂದ. ಆ ತುದಿಯಿಂದ 'ಎಸ್' ಬಂತು. 'ಪ್ಲೇ!' ಎಂದು ಕೂಗಿ ಚೆಂಡು ಬಿಟ್ಟ. ಅದು ಜರಜರ ಎನ್ನುತ್ತ ಉರುಳಿ ಬರುವ ಎರಡು ಕ್ಷಣ ಇಡೀ ಮೈದಾನ ಉಸಿರು ಹಿಡಿದಿತ್ತು. ಆಗಲೇ ಕಾಂಪೌಂಡಿನ ಆಚೆ ಒಂದು ಆಟೋ ಹಾರನ್ ಬಾರಿಸಬೇಕೇ! ಬ್ಯಾಟು ಗಾಳಿಗೆ ಬೀಸಿತು. ಬ್ಯಾಟರ್ ಎದ್ದು ನಿಂತು ರಸ್ತೆಯ ಕಡೆ ಮುಖ ಮಾಡಿ ಹೇಳಿದ್ದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಪಕ್ಕದಲ್ಲಿದ್ದ ಕಡಲೆಕಾಯಿ ಮಾರುವವನು ಮಾತ್ರ ಜಾಣ. ಓವರ್ ಮುಗಿಯುವವರೆಗೂ ಪೊಟ್ಟಣ ಸುತ್ತುತ್ತಲೇ ಇರಲಿಲ್ಲ; ಕಾಗದದ ಸರಸರ ಸದ್ದೂ ಆಟಗಾರರ ಕಿವಿಗೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ಭಾರತದ ಅಂಧರ ಕ್ರಿಕೆಟ್ ಸಂಸ್ಥೆಯ ಕಾರ್ಯಸ್ಥಾನ ಬೆಂಗಳೂರು. ಅದನ್ನು ಮುನ್ನಡೆಸಿದ್ದು 1997ರಲ್ಲಿ ಶುರುವಾದ ಸಮರ್ಥನಂ ಸಂಸ್ಥೆ. ಕಟ್ಟಿದ ಮಹಾಂತೇಶ್ ಕಿವಡಸಣ್ಣವರ್ ಸ್ವತಃ ಅಂಧರು. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ನಡೆದದ್ದೂ ಬೆಂಗಳೂರಿನಲ್ಲೇ. ಪಾಕಿಸ್ತಾನವನ್ನು ಸೋಲಿಸಿ ಕಪ್ ಎತ್ತಿದ ತಂಡದ ನಾಯಕ ಶಿವಮೊಗ್ಗ ಸೀಮೆಯ ಶೇಖರ್ ನಾಯ್ಕ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಮುಗಿದ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪೂ ನಮ್ಮದೇ. ನೇಪಾಳದ ಎದುರು ಗೆದ್ದ ಆ ತಂಡದ ನಾಯಕಿ ಕರ್ನಾಟಕದ ದೀಪಿಕಾ ಟಿ.ಸಿ.

ಅಂಧರ ಫುಟ್‌ಬಾಲ್‌ನಲ್ಲಿ ಚೆಂಡಿನ ಬಳಿ ನುಗ್ಗುವವನು 'ವೋಯ್' ಎಂದು ಕೂಗಲೇಬೇಕು. ಕೂಗದಿದ್ದರೆ ಫೌಲ್. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ 'ಬಂದೆ, ಹೋಗುತ್ತಿದ್ದೇನೆ' ಎಂದು. ನಮ್ಮ ಹಳ್ಳಿಯ ಓಣಿಗಳಲ್ಲಿ ಮೂಟೆ ಹೊತ್ತು ಬರುವವರು 'ಓಯ್, ಓಯ್' ಅನ್ನುತ್ತಾರಲ್ಲ, ಉದ್ದೇಶ ಎರಡಕ್ಕೂ ಒಂದೇ. ಗೋಲ್‌ಕೀಪರ್‌ಗೆ ಮಾತ್ರ ಕಣ್ಣು ಕಾಣುತ್ತದೆ. ಚೆಂಡು ಹೊರಗೆ ಓಡದಂತೆ ಎರಡೂ ಬದಿಗೆ ಅಡ್ಡಹಲಗೆ.

ಗೋಲ್‌ಬಾಲ್ ಎಂಬ ಆಟಕ್ಕೆ 'ಸಾಮಾನ್ಯರ' ಅವತಾರವೇ ಇಲ್ಲ. ಅಂಧರಿಗೆಂದೇ ಹುಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಆಸ್ಟ್ರಿಯಾದ ಹಾನ್ಸ್ ಲೊರೆನ್ಸೆನ್, ಜರ್ಮನಿಯ ಸೆಪ್ ರೈಂಡ್ಲೆ ಸೇರಿ ಇದನ್ನು ರೂಪಿಸಿದರು. ಗೆಜ್ಜೆಯ ಚೆಂಡಿನ ತೂಕ 1.25 ಕಿಲೊ. ಒಂದು ಕಡೆ ಮೂವರು. ಅಲ್ಪಸ್ವಲ್ಪ ಕಾಣುವವರಿಗೆ ಅನುಕೂಲವಾಗಬಾರದೆಂದು ಎಲ್ಲರ ಕಣ್ಣಿಗೂ ಕಪ್ಪುಪಟ್ಟಿ. ಅಂಕಣದ ಗೆರೆಗಳ ಅಡಿಯಲ್ಲಿ ಹುರಿ ಇಟ್ಟು ಮೇಲೆ ಟೇಪು ಅಂಟಿಸಿರುತ್ತಾರೆ. ಅಂಗೈ, ಅಂಗಾಲಿನಿಂದ ಸವರಿ ಆಟಗಾರರು ತಮ್ಮ ಜಾಗ ಹುಡುಕಿಕೊಳ್ಳುತ್ತಾರೆ. ಪ್ರೇಕ್ಷಕರು ಗೋಲಾಗುವವರೆಗೆ ಕೆಮ್ಮುವುದೂ ತಪ್ಪು.

ಈಜಿನಲ್ಲಿ ಇನ್ನೊಂದು ಸಮಸ್ಯೆ. ಗೋಡೆ ಹತ್ತಿರ ಬಂತೆಂದು ಅಂಧ ಈಜುಗಾರನಿಗೆ ತಿಳಿಯುವುದು ಹೇಗೆ? ದಡದಲ್ಲಿ ಒಬ್ಬರು ತುದಿಗೆ ಮೆತ್ತನೆಯ ಉಂಡೆ ಕಟ್ಟಿದ ಕೋಲು ಹಿಡಿದು ನಿಂತಿರುತ್ತಾರೆ. ಸರಿಯಾದ ಗಳಿಗೆಗೆ ಈಜುಗಾರನ ತಲೆಗೋ ಬೆನ್ನಿಗೋ ಒಂದು ತಟ್ಟು. ಪ್ಯಾರಾಲಿಂಪಿಕ್ ಮಟ್ಟದ ಪೈಪೋಟಿಯಲ್ಲೂ ಇದೇ ಕೋಲು.

ಅಮೆರಿಕದಲ್ಲಿ ಬೀಪ್ ಬೇಸ್‌ಬಾಲ್ ಇದೆ. 1964ರಲ್ಲಿ ಟೆಲಿಫೋನ್ ಕಂಪನಿಯ ಎಂಜಿನಿಯರ್ ಚಾರ್ಲಿ ಫೇರ್‌ಬ್ಯಾಂಕ್ಸ್ ಚೆಂಡಿನೊಳಗೆ ಬೀಪ್ ಬೀಪ್ ಎನ್ನುವ ಸಣ್ಣ ಯಂತ್ರ ಕೂರಿಸಿದಾಗ ಅದಕ್ಕೆ ಜೀವ ಬಂತು. ಕೆನಡಾದವರ 'ಶೋಡೌನ್' ಎಂಬುದು ಮೇಜಿನ ಮೇಲಿನ ಆಟ. ಅಂಚುಗಟ್ಟಿದ ಮೇಜು, ಸದ್ದಿನ ಚೆಂಡು, ಎದುರು ಬದುರು ಇಬ್ಬರು. ಕೇರಂ ಬೋರ್ಡಿನ ಮುಂದೆ ಬೆಳೆದವರಿಗೆ ಒಂದೇ ನಿಮಿಷಕ್ಕೆ ಅರ್ಥವಾಗುವಂಥದ್ದು.

ಚದುರಂಗದ ವಿಷಯಕ್ಕೆ ಬಂದರೆ ಅಂಧರ ಮಣೆಯನ್ನು ಒಮ್ಮೆಯಾದರೂ ಕೈಯಲ್ಲಿ ಮುಟ್ಟಿ ನೋಡಬೇಕು. ಕಪ್ಪು ಮನೆಗಳು ಬಿಳಿಯವಕ್ಕಿಂತ ತುಸು ಎತ್ತರ. ಪ್ರತಿ ಮನೆಯ ನಡುವೆ ತೂತು, ಪ್ರತಿ ಕಾಯಿಯ ಅಡಿಗೆ ಮೊಳೆ, ಬೆರಳಾಡಿಸಿದರೂ ಬೀಳುವುದಿಲ್ಲ. ಒಂದು ಬಣ್ಣದ ಕಾಯಿಗಳ ನೆತ್ತಿಯ ಮೇಲೆ ಚಿಕ್ಕ ಗುಬುಟು. ಇಬ್ಬರಿಗೂ ಬೇರೆ ಬೇರೆ ಮಣೆ. ಕಾಯಿ ನಡೆಸಿದವನು ನಡೆಯನ್ನು ಬಾಯಲ್ಲಿ ಹೇಳಬೇಕು, ಎದುರಾಳಿ ಅದನ್ನು ತನ್ನ ಮಣೆಯ ಮೇಲೆ ಇಳಿಸಿಕೊಳ್ಳಬೇಕು. ಮಿಕ್ಕಂತೆ ನಿಯಮಗಳು ಎಲ್ಲರವೇ. ಆದ್ದರಿಂದಲೇ ಕಣ್ಣುಳ್ಳವರ ಟೂರ್ನಿಯಲ್ಲೂ ಅಂಧರು ಆಡಬಹುದು, ಆಡುತ್ತಾರೆ, ಸೋಲಿಸುತ್ತಾರೆ. ರಾಷ್ಟ್ರೀಯ ಅಂಧರ ಚಾಂಪಿಯನ್‌ಷಿಪ್ಪನ್ನು ಮತ್ತೆ ಮತ್ತೆ ಗೆದ್ದ ಕಿಶನ್ ಗಂಗೊಳ್ಳಿಯವರೂ ಶಿವಮೊಗ್ಗದವರು. ಆ ನೀರಿನಲ್ಲಿ ಏನೋ ಇದೆ.

ಗಾಲಿಕುರ್ಚಿಯ ಆಟಗಳಿಗೆ ತವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್, ಬೆನ್ನುಹುರಿ ಮುರಿದ ಸೈನಿಕರನ್ನು ಹಾಸಿಗೆಯಿಂದ ಎಬ್ಬಿಸಲು ಆಟ ಹಚ್ಚಿದರು. ಮೊದಲು ಹಚ್ಚಿದ್ದು ಗಾಲಿಕುರ್ಚಿ ಪೋಲೊ, ಊರುಗೋಲೇ ಬ್ಯಾಟು! ಏಟು ಬೀಳುವುದು ಜಾಸ್ತಿಯಾಯಿತೆಂದು ಅದನ್ನು ಕೈಬಿಟ್ಟು ಚೆಂಡನ್ನು ಬುಟ್ಟಿಗೆ ಹಾಕುವ ಆಟ ತಂದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಬಿಲ್ಲುಬಾಣ ಹಿಡಿದು ಸ್ಪರ್ಧಿಸಿದರು. ಅವರಲ್ಲಿ ಇಬ್ಬರು ಹೆಂಗಸರು. 1960ರ ರೋಮ್ ಕೂಟಕ್ಕೆ, ಅಲ್ಲಿಂದ ಇಂದಿನ ಪ್ಯಾರಾಲಿಂಪಿಕ್ಸ್‌ಗೆ ದಾರಿ ತೆರೆದದ್ದು ಆ ಅಂಗಳ.

ಆ ದಾರಿಯಲ್ಲಿ ನಡೆದ ನಮ್ಮವರೊಬ್ಬರು ಮುರಳೀಕಾಂತ ಪೇಟ್ಕರ್. 1965ರ ಯುದ್ಧದಲ್ಲಿ ಗುಂಡು ತಗುಲಿದ ಸೈನಿಕ. ಚಿಕಿತ್ಸೆಯ ಭಾಗವಾಗಿ ನೀರಿಗಿಳಿದರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಬೆಂಗಳೂರಿನ ಮಾಲತಿ ಹೊಳ್ಳರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಮಗುವಾಗಿದ್ದಾಗಲೇ ಪೋಲಿಯೊ ಹೊಡೆದ ಮೈಯಲ್ಲಿ ಗುಂಡು, ಚಕ್ರ, ಈಟಿ ಎಲ್ಲವನ್ನೂ ಎಸೆದು ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಪಡೆದವರು. ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಷನ್ ಕಟ್ಟಿದವರೂ ಅವರೇ.

ಗಾಲಿಕುರ್ಚಿ ಬಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯ ಎತ್ತರ ಎಷ್ಟಿರಬಹುದು? ಕೂತವರೆಂದು ಇಳಿಸಿಲ್ಲ. ನಿಂತು ಆಡುವವರಿಗೆ ಎಷ್ಟೋ ಅಷ್ಟೇ, 3.05 ಮೀಟರ್. ಟೆನಿಸ್‌ನಲ್ಲೂ ಅಂಕಣ, ಬಲೆ, ರ‍್ಯಾಕೆಟ್ ಯಾವುದೂ ಬದಲಾಗಿಲ್ಲ. ಎರಡನೇ ಪುಟಿತದ ಅನುಮತಿಯೊಂದೇ ಹೆಚ್ಚುವರಿ. ಗಾಲಿಕುರ್ಚಿ ರಗ್ಬಿ 1970ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದಾಗ ಅದರ ಹೆಸರು 'ಮರ್ಡರ್‌ಬಾಲ್'. ಕುರ್ಚಿಗೆ ಕುರ್ಚಿ ಗುದ್ದುವುದೇ ಆಟ. ಕೊಲೆಯ ಹೆಸರು ಹೊತ್ತ ಆಟಕ್ಕೆ ಯಾರು ದುಡ್ಡು ಕೊಡುತ್ತಾರೆ? ಹೆಸರು ಬದಲಾಯಿತು, ಗುದ್ದಾಟ ಹಾಗೇ ಉಳಿಯಿತು. ಗಾಲಿಕುರ್ಚಿಯವರನ್ನು ಕಂಡ ಕೂಡಲೇ 'ಅಯ್ಯೋ ಪಾಪ' ಎನ್ನುವವರನ್ನು ಈ ಪಂದ್ಯದ ಮೊದಲ ಸಾಲಿನಲ್ಲಿ ಕೂರಿಸಬೇಕು.

ಬೊಚ್ಚಿಯಾ ಇದಕ್ಕೆ ತದ್ವಿರುದ್ಧ, ತೀರಾ ಶಾಂತ. ನಮ್ಮ ಗೋಲಿಯಾಟದ ದೊಡ್ಡಣ್ಣ ಅನ್ನಿ. ಬಿಳಿ ಚೆಂಡೊಂದನ್ನು ಮೊದಲು ಉರುಳಿಸಿ, ಆರು ಕೆಂಪು, ಆರು ನೀಲಿ ಚೆಂಡುಗಳಲ್ಲಿ ಯಾರದು ಅದಕ್ಕೆ ಹತ್ತಿರ ಎಂದು ನೋಡುವುದು. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಹಿಡಿತಕ್ಕೆ ಸಿಗದವರಿಗೆ ಹೇಳಿ ಮಾಡಿಸಿದಂತಿದೆ. ಚೆಂಡು ಹಿಡಿಯಲೂ ಆಗದವರು ಇಳಿಜಾರು ಹಲಗೆ ಬಳಸಬಹುದು, ಅದನ್ನು ಸರಿಸಿಕೊಡಲು ಒಬ್ಬ ಸಹಾಯಕನೂ ಇರಬಹುದು. ಆದರೆ ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು! ತಿರುಗಿ ನೋಡಿದರೆ ದಂಡ. ಎಡಕ್ಕೆ, ಬಲಕ್ಕೆ, ಇನ್ನೊಂದು ಬೆರಳು ಮೇಲಕ್ಕೆ ಎಂದು ಹೇಳುವುದೆಲ್ಲ ಆಟಗಾರನೇ. ಅಂಗವಿಕಲರ ಪರವಾಗಿ ತಾವೇ ಮಾತಾಡಿ, ತಾವೇ ತೀರ್ಮಾನಿಸಿ, ಚಹಾಕ್ಕೆ ಸಕ್ಕರೆ ಎಷ್ಟೆಂದೂ ಜೊತೆಯವರನ್ನೇ ಕೇಳುವ ನಮಗೆಲ್ಲ ಈ ನಿಯಮವನ್ನು ಮನೆಯೊಳಗೂ ತಂದರೆ ಹೇಗೆ ಎಂದು ನನಗೆ ಅನ್ನಿಸಿದ್ದುಂಟು.

ಅಂಗವಿಕಲರ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಹಿರಿಯದು ಕಿವುಡರದು. 1924ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಒಂಬತ್ತು ದೇಶಗಳ 148 ಮಂದಿ ಸೇರಿದ್ದರು. ಈಗ ಅದಕ್ಕೆ ಡೆಫ್‌ಲಿಂಪಿಕ್ಸ್ ಎಂಬ ಹೆಸರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟಗಾರರು ತಲೆಗೆ ತಲೆ ಕೊಟ್ಟು ಗುಂಪುಗೂಡುತ್ತಾರಲ್ಲ, ಅದೂ 1890ರ ದಶಕದಲ್ಲಿ ವಾಷಿಂಗ್ಟನ್‌ನ ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನ ತಂಡದಿಂದ ಬಂದದ್ದೆಂದು ಹೇಳುತ್ತಾರೆ. ಎದುರಾಳಿಗಳೂ ಕಿವುಡರೇ ಆಗಿರುತ್ತಿದ್ದುದರಿಂದ ಕೈಸನ್ನೆಯ ಮಾತು ಅವರ ಕಣ್ಣಿಗೆ ಬೀಳದಂತೆ ಮರೆ ಮಾಡಿಕೊಂಡರಂತೆ.

ಬುದ್ಧಿಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ಅಮೆರಿಕದಲ್ಲೂ ಮನೆಯ ಒಳಕೋಣೆಯಲ್ಲಿ, ಇಲ್ಲವೇ ದೂರದ ಸಂಸ್ಥೆಗಳಲ್ಲಿ ಇಡುತ್ತಿದ್ದ ಕಾಲವೊಂದಿತ್ತು. ಅಧ್ಯಕ್ಷ ಕೆನಡಿಯ ತಂಗಿ ಯೂನಿಸ್ ಕೆನಡಿ ಶ್ರೈವರ್ 1962ರಲ್ಲಿ ಮೇರಿಲ್ಯಾಂಡ್‌ನ ತಮ್ಮ ಮನೆಯ ಹಿತ್ತಲನ್ನೇ ಅಂಥ ಮಕ್ಕಳ ಬೇಸಿಗೆ ಶಿಬಿರ ಮಾಡಿದರು. ಈಜು, ಕುದುರೆ ಸವಾರಿ, ಚೆಂಡಾಟ ಎಲ್ಲವೂ ಇತ್ತು. ಇತ್ತ ಶಿಕಾಗೊ ನಗರದ ಉದ್ಯಾನ ಇಲಾಖೆಯಲ್ಲಿ ಆನ್ ಮ್ಯಾಕ್‌ಗ್ಲೋನ್ ಎಂಬ ಎಳೆಯ ದೈಹಿಕ ಶಿಕ್ಷಕಿ ಇಂಥ ಮಕ್ಕಳಿಗೆ ಪಾರ್ಕಿನಲ್ಲಿ ಪಾಠ ಮಾಡುತ್ತಿದ್ದರು. ಊರ ಮಟ್ಟದ ಒಂದು ಕೂಟ ಮಾಡೋಣವೆಂದು ಅವರು ಶ್ರೈವರ್ ಬಳಿ ಹಣ ಕೇಳಿದರು. ಅದು ಬೆಳೆದು 1968ರ ಜುಲೈ 20ರಂದು ಸೋಲ್ಜರ್ ಫೀಲ್ಡ್ ಎಂಬ ಬೃಹತ್ ಕ್ರೀಡಾಂಗಣದಲ್ಲಿ ಮೊದಲ ಸ್ಪೆಷಲ್ ಒಲಿಂಪಿಕ್ಸ್ ಆಯಿತು. ಸುಮಾರು 1000 ಆಟಗಾರರು. ಕುರ್ಚಿಗಳು ಮಾತ್ರ ಬಹುತೇಕ ಖಾಲಿ. ಇಂದು ಅದು 170ಕ್ಕೂ ಹೆಚ್ಚು ದೇಶಗಳಲ್ಲಿದೆ. ಆ ಶಿಕ್ಷಕಿ ಮುಂದೆ ಕಾನೂನು ಓದಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

ಅದೇ ಸಂಸ್ಥೆಯ 'ಯೂನಿಫೈಡ್' ತಂಡಗಳಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಹೆಚ್ಚುಕಮ್ಮಿ ಸಮಸಮ ಸಂಖ್ಯೆಯಲ್ಲಿ ಇರಬೇಕು. ಇವರು ಆಡುವುದು, ಅವರು ಚಪ್ಪಾಳೆ ತಟ್ಟುವುದು ಎಂಬ ವಿಂಗಡಣೆ ಅಲ್ಲಿಲ್ಲ.

ಜಾರ್ಜಿಯಾ ರಾಜ್ಯದ ಕಾನ್ಯರ್ಸ್ ಎಂಬ ಊರಿನಲ್ಲಿ ತಮ್ಮನ ಬೇಸ್‌ಬಾಲ್ ನೋಡಲು ಬರುತ್ತಿದ್ದ ಗಾಲಿಕುರ್ಚಿಯ ಹುಡುಗನೊಬ್ಬನನ್ನು 1997ರಲ್ಲಿ ಕೋಚ್ 'ಬಾ, ನೀನೂ ಆಡು' ಎಂದು ಕರೆದರು. ಅದರಿಂದ ಮಿರಾಕಲ್ ಲೀಗ್ ಹುಟ್ಟಿತು. ಗಾಲಿ ಹೂತುಕೊಳ್ಳದಂತೆ ರಬ್ಬರಿನ ಸಪಾಟು ಮೈದಾನ, ಪ್ರತಿ ಮಗುವಿಗೂ ಜೊತೆಗೊಬ್ಬ ಗೆಳೆಯ, ಪ್ರತಿ ಸರದಿಯಲ್ಲೂ ಎಲ್ಲರಿಗೂ ಬ್ಯಾಟಿಂಗ್. ಯಾರೂ ಔಟಿಲ್ಲ, ಎಲ್ಲರಿಗೂ ಒಂದೊಂದು ರನ್. ಹಾಗಾದರೆ ಅದು ಆಟವೇ ಎಂದು ಮೂಗು ಮುರಿಯುವವರು, ತಮ್ಮ ಮನೆಯ ಚಿಕ್ಕವರನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದ ದಿನಗಳನ್ನು ನೆನೆಯಬೇಕು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಲೆಕ್ಕಕ್ಕೂ ಉಂಟು.

ಇದಕ್ಕೆಲ್ಲ ದುಡ್ಡು? ಇಲಿನಾಯ್‌ನ ಉಪಾಯ ಕುತೂಹಲದ್ದು. ಅಲ್ಲಿ ಎಷ್ಟೋ ಊರುಗಳಿಗೆ ತಮ್ಮದೇ ಉದ್ಯಾನ ಮಂಡಳಿ ಇರುತ್ತದೆ. ಒಂದೊಂದು ಊರಿನಲ್ಲಿ ಹತ್ತಿಪ್ಪತ್ತು ಮಂದಿ ಅಂಗವಿಕಲರಿಗೆ ಬೇರೆ ಬೇರೆ ತರಬೇತುದಾರ, ಬೇರೆ ಬೇರೆ ವ್ಯಾನು ಎಂದರೆ ಯಾರಿಗೂ ಕಟ್ಟುವುದಿಲ್ಲ. ಹಾಗಾಗಿ 1970ರಿಂದ ಅಕ್ಕಪಕ್ಕದ ಊರುಗಳು ಜಂಟಿಯಾಗಿ ವಿಶೇಷ ಮನರಂಜನಾ ಸಂಘಗಳನ್ನು ಕಟ್ಟಿಕೊಂಡವು. ಆಸ್ತಿ ತೆರಿಗೆಯ ಜೊತೆ ಇದಕ್ಕೆಂದೇ ಒಂದು ಸಣ್ಣ ಪಾಲು ಎತ್ತಲು ಕಾನೂನು ಅವಕಾಶ ಕೊಟ್ಟಿದೆ. ಬೌಲಿಂಗ್, ಅಡುಗೆ ತರಗತಿ, ಶುಕ್ರವಾರದ ಡ್ಯಾನ್ಸ್, ಬೇಸಿಗೆ ಶಿಬಿರ ಎಲ್ಲ ಅದರಲ್ಲೇ ನಡೆಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜ್ಯಾನೆಟ್ ಪಾಮರಾಯ್ ಎಂಬಾಕೆ ಇಂಥದ್ದೇ ಕೇಂದ್ರವನ್ನು ಇನ್ನೂ ಮೊದಲೇ, 1952ರಲ್ಲಿ, ಶುರು ಮಾಡಿದ್ದರು.

ನಮ್ಮಲ್ಲಿ ದುಡ್ಡೇ ಇಲ್ಲ ಎಂದುಕೊಳ್ಳಬೇಡಿ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇ 5ನ್ನು ಅಂಗವಿಕಲರ ಕಲ್ಯಾಣಕ್ಕೆ ತೆಗೆದಿಡಬೇಕು. ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಜನರ ಬಾಯಲ್ಲಿ ಅವರು 'ವಿಆರ್‌ಡಬ್ಲ್ಯು'. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಮಾಸಾಶನ ನಿಂತಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರಲ್ಲಿ ಬಹಳ ಮಂದಿ ತಾವೂ ಅಂಗವಿಕಲರೇ. ಈ ಶೇ 5ರ ಹಣದಲ್ಲಿ ಔಷಧಿ, ಸಾಧನ ಸಲಕರಣೆ ಕೊಟ್ಟ ಸುದ್ದಿ ಕೇಳಿದ್ದೇನೆ. 'ಒಂದು ಕೇರಂ ಬೋರ್ಡು, ಒಂದು ಗೆಜ್ಜೆ ಚೆಂಡು' ಎಂದು ಗ್ರಾಮಸಭೆಯಲ್ಲಿ ಯಾರಾದರೂ ಅರ್ಜಿ ಕೊಟ್ಟರೆ ಅಧ್ಯಕ್ಷರ ಮುಖ ನೋಡಬೇಕೆಂಬ ಆಸೆ ನನಗೆ ಇನ್ನೂ ಇದೆ.

ಅರ್ಜಿಗೆ ಕಾನೂನಿನ ಬಲವೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಮನರಂಜನಾ ಕೇಂದ್ರಗಳನ್ನು ಬೆಳೆಸಬೇಕು ಎನ್ನುತ್ತದೆ. ಸ್ಕೌಟ್, ನೃತ್ಯ, ಚಿತ್ರಕಲೆಯ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳಿಗೆ ಅನುವು ಮಾಡಿಕೊಡಬೇಕು ಎಂದೂ ಬಿಡಿಸಿ ಬಿಡಿಸಿ ಹೇಳುತ್ತದೆ. ಮುಂದಿನ 30ನೇ ಕಲಮು ಪೂರ್ತಿ ಕ್ರೀಡೆಗೆ. ಭಾರತ 2007ರಲ್ಲಿ ಒಪ್ಪಿ ಸಹಿ ಮುದ್ರೆ ಒತ್ತಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯೂ ಇದೇ ಮಾತು ಆಡುತ್ತದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ಅದು ಏಳೆಂಟು ಬಗೆ ಮಾತ್ರ ಎಣಿಸಿದ ಲೆಕ್ಕ. ಹೊಸ ಕಾಯ್ದೆ ಗುರುತಿಸುವ ಬಗೆಗಳು 21.

ಆಡಲು ಬೇರೆ ಊರಿಗೆ ಹೋಗುವುದಾದರೆ, ಅಂಗವಿಕಲರ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ತನಕ ನಡೆಯುತ್ತದೆ. ಪಂದ್ಯ 101ನೇ ಕಿ.ಮೀ.ನಲ್ಲಿದ್ದರೆ ಟಿಕೆಟ್ ನಿಮ್ಮದೇ.

ಸಮುದ್ರ ನೋಡುವುದೂ ಒಂದು ಆಟವೇ ತಾನೇ. ಮರಳಿನಲ್ಲಿ ಗಾಲಿಕುರ್ಚಿ ಒಂದು ಮಾರೂ ಓಡುವುದಿಲ್ಲ, ಮುಂದಿನ ಸಣ್ಣ ಗಾಲಿ ಕೂಡಲೇ ಹೂತುಹೋಗುತ್ತದೆ. ಚೆನ್ನೈನ ಮರೀನಾದಲ್ಲಿ ಹಿಂದೆಲ್ಲ ಅಂಗವಿಕಲರ ದಿನದ ಆಸುಪಾಸಿನಲ್ಲಿ ತಾತ್ಕಾಲಿಕ ದಾರಿ ಹಾಸುತ್ತಿದ್ದರು; ಹಬ್ಬ ಮುಗಿದ ಮೇಲೆ ಚಪ್ಪರ ಬಿಚ್ಚುವಂತೆ ಅದನ್ನೂ ಬಿಚ್ಚುತ್ತಿದ್ದರು. ಕಡಲು ವರ್ಷಪೂರ್ತಿ ಇರುತ್ತದಲ್ಲ ಎಂದು ಅಂಗವಿಕಲರು ಪಟ್ಟು ಹಿಡಿದರು. 2022ರ ನವೆಂಬರ್ ಕೊನೆಗೆ 263 ಮೀಟರ್ ಉದ್ದದ, 3 ಮೀಟರ್ ಅಗಲದ ಕಾಯಂ ಮರದ ದಾರಿ ಸಿದ್ಧವಾಯಿತು. ಎಷ್ಟೋ ಜನ ಬದುಕಿನಲ್ಲೇ ಮೊದಲ ಸಲ ಕಾಲಿಗೆ ಅಲೆ ತಾಗಿಸಿಕೊಂಡರು. ಎರಡೇ ವಾರ. ಮಾಂಡೂಸ್ ಚಂಡಮಾರುತ ಬಂದು ಹಲಗೆಗಳನ್ನು ಕಿತ್ತೆಸೆಯಿತು. ಸದ್ಯ, ಅದನ್ನು ದುರಸ್ತಿ ಮಾಡಿ ಮತ್ತೆ ತೆರೆದರು. ನಮ್ಮ ಮಂಗಳೂರಿನಿಂದ ಕಾರವಾರದವರೆಗೂ ಕಡಲೇ ಕಡಲು. ಇಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಬೆಂಗಳೂರಿನಲ್ಲಿ ಎರಡು ದಶಕದ ಹಿಂದೆ ಅಂಗವಿಕಲ ಮಕ್ಕಳ ತಂದೆತಾಯಿಯರು ಸೇರಿ 'ಕಿಲಿಕಿಲಿ' ಎಂಬ ಗುಂಪು ಕಟ್ಟಿದರು. ಬೇರೆ ಪಾರ್ಕು ಬೇಡ, ಇರುವ ಪಾರ್ಕಿನಲ್ಲೇ ಎಲ್ಲ ಮಕ್ಕಳೂ ಆಡಲಿ ಎಂಬುದು ಅವರ ಹಟ. ಪಾಲಿಕೆಯ ಜೊತೆ ಕೂತು ಕೋಲ್ಸ್ ಪಾರ್ಕಿನಂಥ ಕಡೆ ಗಾಲಿಕುರ್ಚಿ ಹತ್ತುವ ಇಳಿಜಾರು, ಬೆನ್ನಿಗೆ ಆಸರೆ ಇರುವ ಉಯ್ಯಾಲೆ, ಎತ್ತರಕ್ಕೆ ಇಟ್ಟ ಮರಳಿನ ತೊಟ್ಟಿ ಇಂಥವನ್ನೆಲ್ಲ ತಂದರು.

ಪಾರ್ಕೆಂದಾಗ ನೆನಪಾಯಿತು. ಗಾಲಿಕುರ್ಚಿಯ ಗೆಳೆಯನೊಬ್ಬನ ಜೊತೆ ಒಂದು ಬಡಾವಣೆಯ ಪಾರ್ಕಿಗೆ ಹೋಗಿದ್ದೆ. ಒಳಗೆ ಚಂದದ ಕಾಲುದಾರಿ, ಇಳಿಜಾರು, ಎಲ್ಲ ಇದೆ. ಆದರೆ ಬಾಗಿಲಲ್ಲಿ ಬೈಕು, ದನ ನುಗ್ಗದಂತೆ ಕಬ್ಬಿಣದ ಪೈಪು ಬಳಸಿ ಮಾಡಿದ ಅಂಕುಡೊಂಕು ಗೇಟು. ಮನುಷ್ಯರೇ ಹೊಟ್ಟೆ ಒಳಗೆ ಎಳೆದುಕೊಂಡು ಹೋಗಬೇಕು. ಕಾವಲುಗಾರ ಒಳ್ಳೆಯ ಮನಸ್ಸಿನವನು. ಓಡಿ ಬಂದು, 'ಎತ್ಕೊಂಡು ಹೋಗ್ಬಿಡ್ತೀವಿ ಸಾರ್, ಯೋಚ್ನೆ ಮಾಡ್ಬೇಡಿ' ಅಂದ. ಗೆಳೆಯ ನಕ್ಕ: 'ನನ್ನನ್ನ ಎತ್ತೋದು ಬೇಡಣ್ಣ, ಆ ಪೈಪ್ ಎತ್ತಿ.' ನಾವು ಎದುರಿನ ಹೋಟೆಲಿನ ಮುಂದೆ ಬೈಟು ಕಾಫಿ ಕುಡಿದು ಬಂದೆವು.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಇದಕ್ಕೆ ಉಲ್ಟಾ. ಮನೆ ಕಟ್ಟಿಸುವ ಉದ್ಯಮಿ ಗಾರ್ಡನ್ ಹಾರ್ಟ್‌ಮನ್, ಈಜುಕೊಳದಲ್ಲಿ ತಮ್ಮ ಮಗಳ ಜೊತೆ ಬೇರೆ ಮಕ್ಕಳು ಆಡದೆ ಸರಿದುಹೋದದ್ದನ್ನು ಕಂಡು 2010ರಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಎಂಬ ಉದ್ಯಾನವನ್ನೇ ಕಟ್ಟಿದರು. ಅಂಗವಿಕಲರಿಗೆ ಅಲ್ಲಿ ಟಿಕೆಟ್ಟೇ ಇಲ್ಲ. 2017ರಲ್ಲಿ ಸೇರಿಸಿದ ನೀರಿನ ಆಟದ ಜಾಗದಲ್ಲಿ ಮೋಟಾರು ಕುರ್ಚಿ ಒದ್ದೆಯಾಗಿ ಕೆಡಬಾರದೆಂದು ಗಾಳಿಯ ಒತ್ತಡದಿಂದ ಓಡುವ ಕುರ್ಚಿಗಳಿವೆ.

ಫ್ರಾನ್ಸಿನ ಪರ್ವತ ಮಾರ್ಗದರ್ಶಿ ಜೋಯೆಲ್ ಕ್ಲಾಡೆಲ್ 1980ರ ದಶಕದಲ್ಲಿ ತಮ್ಮ ಅಂಗವಿಕಲ ಸೋದರಳಿಯನನ್ನು ಬೆಟ್ಟ ಹತ್ತಿಸಲು ಒಂದೇ ಗಾಲಿಯ ಕುರ್ಚಿ ಮಾಡಿದರು. ಹಿಂದೊಬ್ಬರು, ಮುಂದೊಬ್ಬರು ಹಿಡಿಯಬೇಕು. ಬೆಟ್ಟದ ದೇವರ ದರ್ಶನಕ್ಕೆ ಡೋಲಿ ಹತ್ತಿದವರಿಗೆ ಹೊಸದೆನಿಸದು, ಅದಕ್ಕೊಂದು ಗಾಲಿ ಸೇರಿದೆ ಅಷ್ಟೇ.

ಕತ್ತಿನ ಕೆಳಗೆ ಕೈಕಾಲು ಆಡದ ಹಿಲರಿ ಲಿಸ್ಟರ್ 2009ರಲ್ಲಿ ಹಾಯಿದೋಣಿಯಲ್ಲಿ ಒಬ್ಬರೇ ಬ್ರಿಟನ್ನಿನ ಸುತ್ತ ಬಂದರು. ಚುಕ್ಕಾಣಿ, ಹಾಯಿ ಎಲ್ಲವನ್ನೂ ನಡೆಸಿದ್ದು ಬಾಯಲ್ಲಿ ಕಚ್ಚಿದ ಮೂರು ಕೊಳವೆಗಳ ಮೂಲಕ, ಊದಿ, ಹೀರಿ.

ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ 1955ರಲ್ಲೇ ಅಂಧರಿಗಾಗಿ ಪರಿಮಳದ ತೋಟ ಮಾಡಿದರು. ಎತ್ತರಿಸಿದ ಮಡಿಗಳು, ಬೆರಳಲ್ಲಿ ಹಿಸುಕಿ ಮೂಸಬಹುದಾದ ಎಲೆಗಳು. ನಮ್ಮ ಅಜ್ಜಿಯಂದಿರ ಹಿತ್ತಲಲ್ಲಿ ಮರುಗ, ದವನ, ದೊಡ್ಡಪತ್ರೆ, ಪಚ್ಚೆತೆನೆ ಯಾವ ನಕ್ಷೆಯೂ ಇಲ್ಲದೆ ಇದೇ ಕೆಲಸ ಮಾಡುತ್ತಿದ್ದವು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಶುರು ಮಾಡಿದ ಎಪಿಡಿ ಸಂಸ್ಥೆಯಲ್ಲಿ ಅಂಗವಿಕಲರಿಗೆ ತೋಟಗಾರಿಕೆ ಕಲಿಸುತ್ತಾರೆ. ಅಲ್ಲಿನ ನರ್ಸರಿ ಗಿಡ ನಮ್ಮ ಮನೆಯಲ್ಲೂ ಇದೆ, ನನ್ನ ನಿಗಾದಲ್ಲಿದ್ದೂ ಬದುಕಿದೆ.

ಹಾಡಿನ ಮಾತು ಬಂದರೆ ಗದಗಕ್ಕೇ ಹೋಗಬೇಕು. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ನಡೆಸಿದ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಕೊಟ್ಟಿತು. ಗುರುಗಳಿಬ್ಬರೂ ಅಂಧರು. ಆಶ್ರಮದ ಒಲೆ ಉರಿಯಲು ದುಡ್ಡು ಬೇಕಾದಾಗ ಪುಟ್ಟರಾಜರು ಕೈಹಾಕಿದ್ದು ನಾಟಕ ಕಂಪನಿಗೆ! ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಯಾವುದನ್ನೂ ಬಿಟ್ಟವರಲ್ಲ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಉತ್ತರ ಕರ್ನಾಟಕದ ಯಾವುದಾದರೂ ಜಾತ್ರೆ, ಪುರಾಣ, ಪ್ರವಚನದಲ್ಲಿ ಹಾರ್ಮೋನಿಯಂ ಹಿಡಿದ ಅಂಧ ಗವಾಯಿಯನ್ನು ಕಂಡರೆ 'ಗದಗಿನವರೇನ್ರಿ?' ಎಂದು ಕೇಳಿ ನೋಡಿ.

ಬೆಂಗಳೂರಿನ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯ ಮಕ್ಕಳು ಭರತನಾಟ್ಯ ಮಾಡುತ್ತಾರೆ. ನೋಡಿ ಕಲಿಯುವ ವಿದ್ಯೆಯನ್ನು ನೋಡದೆ ಕಲಿಯುವುದು ಹೇಗೆ? ಗುರು ಅರೆಮಂಡಿಯಲ್ಲಿ ನಿಲ್ಲುತ್ತಾರೆ, ಮಕ್ಕಳು ಅವರ ಮೊಣಕಾಲು, ಸೊಂಟ, ಭುಜ ಮುಟ್ಟಿ ನೋಡುತ್ತಾರೆ. ಮುದ್ರೆಯನ್ನು ಬೆರಳಿನಿಂದ ಬೆರಳಿಗೆ ದಾಟಿಸಿಕೊಳ್ಳುತ್ತಾರೆ. ಹೆಜ್ಜೆಗಿಂತ ಕಷ್ಟದ್ದು ಮುಖದ ಅಭಿನಯ. ಯಾರ ಮುಖವನ್ನೂ ನೋಡಿರದ ಮಗುವಿಗೆ ಹುಬ್ಬೇರಿಸುವ ಕೋಪವನ್ನು ಹೇಳಿಕೊಡುವುದೆಂದರೆ ಹುಡುಗಾಟವಲ್ಲ.

ಕೊನೆಗೊಂದು, ಯಾವ ದೇಶದ ಯಾವ ಸಮಿತಿಯೂ ಅಂಧರಿಗಾಗಿ ಮಾರ್ಪಡಿಸಬೇಕಿಲ್ಲದ ಆಟ: ನಮ್ಮ ಅಳಗುಳಿಮಣೆ. ಕರಾವಳಿಯವರ ಚೆನ್ನೆಮಣೆ. ಹದಿನಾಲ್ಕು ಗುಳಿ, ಒಂದಿಷ್ಟು ಹುಣಸೆಬೀಜ. ಗುಳಿ ಬೆರಳಿಗೆ ತಾನಾಗಿ ಸಿಗುತ್ತದೆ, ಬೀಜ ಅಂಗೈಯಲ್ಲೇ ಎಣಿಕೆಯಾಗುತ್ತದೆ. ನಮ್ಮ ಬೀದಿಯಲ್ಲಿ ಕಣ್ಣು ಪೂರ್ತಿ ಮಂಜಾಗಿದ್ದ ಒಬ್ಬ ಅಜ್ಜಿ ಇದ್ದರು. ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಮಣೆ ಹಾಕಿ ಮಕ್ಕಳನ್ನು ಕರೆಯುತ್ತಿದ್ದರು. ಅವರಿಗೆಲ್ಲಿ ಕಾಣುತ್ತದೆ ಎಂಬ ಧೈರ್ಯದಲ್ಲಿ ನಾನೊಮ್ಮೆ ಬೀಜ ಹಂಚುವಾಗ ಒಂದನ್ನು ಮುಷ್ಟಿಯಲ್ಲೇ ಉಳಿಸಿಕೊಂಡೆ. ಅಜ್ಜಿ ತಲೆ ಎತ್ತಲಿಲ್ಲ. 'ಟಕ್ ಟಕ್ ಅಂತ ಐದು ಸಲ ಕೇಳ್ಬೇಕಿತ್ತು, ನಾಕೇ ಕೇಳಿಸ್ತಲ್ಲೋ ಮಗಾ. ಹಾಕು ಅದನ್ನ' ಎಂದರು.